ಎರಡೇ ಲೈನ್ ಅಲ್ವಾ ಗುರು!

ಜಾಹೀರಾತಿಗೆ ಕಂಠ ಕೊಡೋದು ನನ್ನ ಕಸುಬು. ಬೆಳಿಗ್ಗೆ ಎಂಟಕ್ಕೇ ಫೋನು. "ಗುರು, ಎರಡೇ ಲೈನು, ಮೊಬೈಲಲ್ಲೇ ಹೇಳಿ ವಾಟ್ಸಾಪ್ ಮಾಡ್ಬಿಡು." ದುಡ್ಡಿನ ಮಾತೆತ್ತಿದರೆ, "ಎರಡು ಲೈನಿಗೂ ದುಡ್ಡಾ?" ಅಂತ ನಗು.

ಆ ಎರಡು ಲೈನಿನ ಚೆಂದ ನೋಡಬೇಕು. ಹಿಂದಿಯಲ್ಲಿ ಬರೆದು, ಯಾವುದೋ ಯಂತ್ರದ ಬಾಯಿಗೆ ಹಾಕಿ ತೆಗೆದ ಕನ್ನಡ. ಅಲ್ಲಿ 30 ಸೆಕೆಂಡಿಗೆ ಅಳೆದು ಕೂರಿಸಿದ್ದು ಇಲ್ಲಿ 40 ದಾಟುತ್ತದೆ. ಪ್ರತ್ಯಯ ಅಂಟಿ ಅಂಟಿ ನಮ್ಮ ಪದಗಳು ರೈಲುಬೋಗಿ ಆಗುತ್ತವಲ್ಲ! ಕತ್ತರಿಸೋಣ ಅಂದರೆ, "ಕ್ಲೈಂಟ್ ಓಕೆ ಮಾಡಿದ್ದಾರೆ ಸರ್, ಸ್ವಲ್ಪ ಫಾಸ್ಟಾಗಿ ಓದಿ." ಹದಿನೇಳನೇ ಟೇಕ್ ಮುಗಿದ ಮೇಲೆ, "ಮೊದಲನೇದೇ ಚೆನ್ನಾಗಿತ್ತು ಅನ್ಸುತ್ತೆ."

2015ರಲ್ಲಿ, ಮಾರುಕಟ್ಟೆ ಪೈಪೋಟಿಗೆ ಅಡ್ಡಿ ಬರದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ, ಬೇರೆ ಭಾಷೆಯ ಸಿನಿಮಾ, ಧಾರಾವಾಹಿ ಕನ್ನಡಕ್ಕೆ ಡಬ್ ಆಗೋದನ್ನು ತಡೆಯೋದು ತಪ್ಪು ಅಂದಾಗ, ಇನ್ನು ಕನ್ನಡದ ಕಂಠಕ್ಕೆ ಬೆಲೆ ಬಂತು ಅಂತ ಹಿಗ್ಗಿದ್ದೆ. ಕೆಲಸ ಬಂತು, ನಿಜ. ಬೆಲೆ ಇನ್ನೂ ದಾರಿಯಲ್ಲಿದೆ.

ಸಂಜೆ ಸ್ಟ್ಯಾಂಡಪ್ ಕಾಮಿಡಿ. ಸಿಗೋದು ಐದು ನಿಮಿಷ, ಅದಕ್ಕೆ ಟ್ರಾಫಿಕ್ಕಲ್ಲಿ ಎರಡು ಗಂಟೆ. ಗಂಟಲು ಬೆಳಿಗ್ಗೆಯೇ ಜಾಹೀರಾತಿಗೆ ಬಲಿಯಾಗಿರುತ್ತದೆ. ಆದರೂ ವೇದಿಕೆಯೇ ವಾಸಿ, ಮದುವೆಮನೆ ಬೇಡಪ್ಪ. ಮೊನ್ನೆ ಪಂಕ್ತಿಯಲ್ಲಿ ಚಿಕ್ಕಪ್ಪ, "ಏನೋ, ಕಾಮಿಡಿ ಮಾಡ್ತೀಯಂತೆ, ಒಂದು ಜೋಕ್ ಹೇಳೋ." ಬಾಯಲ್ಲಿ ಕೋಸಂಬರಿ ಇದೆ ಸ್ವಾಮಿ! ಊಟಕ್ಕೆ ಕೂತ ಅಡುಗೆಭಟ್ಟರಿಗೆ ಯಾರಾದರೂ ಸಾರು ಕುದಿಸು ಅಂತಾರಾ? ಮರ್ಯಾದೆಗೆ ಒಂದು ಹೇಳಿದೆ. ಪಂಕ್ತಿ ಪೂರ್ತಿ ಮೌನ. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವನೂ ನಿಂತುಬಿಟ್ಟ.

"ಪ್ರಾಣೇಶರ ಥರ ಬರಲ್ಲ ಬಿಡು," ಅಂದರು ಚಿಕ್ಕಪ್ಪ. "ಆದ್ರೆ ವಾಯ್ಸ್ ಚೆನ್ನಾಗಿದೆ ಕಣೋ. ನಮ್ಮ ಅಪಾರ್ಟ್‌ಮೆಂಟ್ ಲಿಫ್ಟಿಗೆ ಎರಡೇ ಲೈನ್ ಹೇಳ್ಕೊಡ್ತೀಯಾ?"