ಜಾಮೀನು ಸಿಕ್ಕರೆ ಕೇಸು ಮುಗಿಯಿತೇ?
ಕ್ರಿಮಿನಲ್ ಮೊಕದ್ದಮೆಯ ಪದಗಳನ್ನು ವಿವರಿಸುವ ಲೇಖನವೊಂದನ್ನು ಓದಿದೆ. ಅದು ಆರೋಪಿಗೂ ಅಪರಾಧಿಗೂ ಇರುವ ಅಂತರವನ್ನು ಚೆನ್ನಾಗಿ ಬಿಡಿಸಿದೆ. ಆದರೆ ಜಾಮೀನನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಬರಲಿಲ್ಲ. ಜನ ಎಡವುವುದೇ ಅಲ್ಲಿ. ಜಾಮೀನು ಸಿಕ್ಕವನ ಮೇಲೆ ಆರೋಪ ಹಾಗೆಯೇ ಇರುತ್ತದೆ. ಪಾಸ್‌ಪೋರ್ಟ್ ಒಪ್ಪಿಸಬೇಕು, ಸಾಕ್ಷಿಗಳ ತಂಟೆಗೆ ಹೋಗಬಾರದು, ಕರೆದ ದಿನ ಹಾಜರಾಗಬೇಕು ಎಂಬಂಥ ಷರತ್ತುಗಳಿರುತ್ತವೆ. ಮುರಿದರೆ ಜಾಮೀನು ರದ್ದಾಗಿ ಮತ್ತೆ ಜೈಲು ಸೇರಬೇಕಾದೀತು. (ಜಾಮೀನಿನ ದಿನವೇ ‘ನ್ಯಾಯ ಗೆದ್ದಿತು’ ಎನ್ನುವವರಿಗೆ ಇದನ್ನು ಯಾರು ಹೇಳಬೇಕೋ!) ಲೇಖನದಲ್ಲಿ ಆರೋಪಮುಕ್ತಿಯನ್ನೂ ಖುಲಾಸೆಯನ್ನೂ ಒಂದೇ ಎಂದು ಬರೆದದ್ದೂ ತಪ್ಪು. ಮೊದಲನೆಯದು ವಿಚಾರಣೆಗೆ ಮುನ್ನ, ಸಾಕಷ್ಟು ಆಧಾರವಿಲ್ಲವೆಂದು ಬಿಡುವುದು. ಹೊಸ ಸಾಕ್ಷ್ಯ ಸಿಕ್ಕರೆ ಪ್ರಕರಣಕ್ಕೆ ಮತ್ತೆ ಜೀವ ಬರಬಹುದು. ಖುಲಾಸೆ ಪೂರ್ತಿ ವಿಚಾರಣೆಯ ನಂತರದ ತೀರ್ಪು. ಮೇಲ್ಮನವಿಯ ಮಾತು ಬಿಟ್ಟರೆ, ಸಾಮಾನ್ಯವಾಗಿ ಅದೇ ಆರೋಪಕ್ಕೆ ಮತ್ತೊಮ್ಮೆ ಕಟಕಟೆ ಹತ್ತಿಸುವಂತಿಲ್ಲ.