ಪೆಟ್ಟಿಗೆಯಲ್ಲಿ ಏನಿದೆ ಮೇಡಂ?

ಚೆಲ್ಲೋ ನುಡಿಸುವುದು, ಕಲಿಸುವುದು ನನ್ನ ಹೊಟ್ಟೆಪಾಡು. ಆದರೆ ದಿನದ ಅರ್ಧ ಹೊತ್ತು ಮಾಡುವುದು ಹಮಾಲಿ ಕೆಲಸ. ಪಿಟೀಲಿನ ಮನೆತನದ್ದೇ ಆದರೂ ಇದು ಸುಮಾರು ನಾಲ್ಕು ಅಡಿ ಉದ್ದ. ಬೆನ್ನಿಗೇರಿಸಿದರೆ ಹಿಂದಿನಿಂದ ನೋಡುವವರಿಗೆ ನಾನು ಕಾಣುವುದೇ ಇಲ್ಲ. ಬಿ.ಎಚ್. ರಸ್ತೆಯಲ್ಲಿ ಪೆಟ್ಟಿಗೆಯೊಂದೇ ಹೋಗುತ್ತಿರುತ್ತದೆ, ಕೆಳಗೆ ಎರಡು ಚಪ್ಪಲಿ.

ತುಮಕೂರಿನಲ್ಲಿ ಚೆಲ್ಲೋ ಕಲಿಯುವವರು ಬೆರಳೆಣಿಕೆಯಷ್ಟು. ಆದ್ದರಿಂದ ಬೆಂಗಳೂರಿನ ಬಸ್ಸು ಹತ್ತಲೇಬೇಕು. 70 ಕಿಲೋಮೀಟರ್ ದಾರಿ. ಡಿಕ್ಕಿಗೆ ಹಾಕಲು ನನಗೆ ಜೀವ ಬರಲ್ಲ, ಮೇಲಿನ ಕ್ಯಾರಿಯರ್‌ನಲ್ಲಿ ಅದು ಹಿಡಿಸಲ್ಲ. ಹಾಗಾಗಿ ಪಕ್ಕದ ಸೀಟು ಅದರದ್ದು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಜೀರೋ ಟಿಕೆಟ್, ಚೆಲ್ಲೋಗೆ ದುಡ್ಡು. ‘ಇದೂ ನಮ್ಮ ಮನೆ ಹೆಣ್ಣುಮಗಳೇ ಕಣಪ್ಪಾ’ ಅಂದು ನೋಡಿದೆ. ಕಂಡಕ್ಟರ್ ಮುಖ ಸ್ವಲ್ಪವೂ ಸಡಿಲಿಸದೆ, ‘ಆಧಾರ್ ಕಾರ್ಡ್ ತೋರ್ಸಿ ಮೇಡಂ’ ಅಂದ.

ಸಿದ್ಧಗಂಗೆ ಜಾತ್ರೆ ಸಮಯದಲ್ಲಿ ಇನ್ನೊಂದು ತರಹ. ಕ್ಯಾತ್ಸಂದ್ರದಲ್ಲಿ ಬಸ್ ಹತ್ತಿದ ಅಜ್ಜಿಯೊಬ್ಬರು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ‘ಯಾವ್ ದೇವ್ರವ್ವಾ?’ ನಾನು ಬಾಯಿ ತೆಗೆಯುವಷ್ಟರಲ್ಲಿ ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡಾಗಿತ್ತು. ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ತೆಗೆದು, ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿಯೂ ಬಿಟ್ಟರು. ವಾದ್ಯ ಅಂತ ಹೇಳಿದರೆ ಅವರಿಗೆ ಬೇಜಾರು, ಹೇಳದಿದ್ದರೆ ನನಗೆ ಪಾಪ. ದಾಬಸ್‌ಪೇಟೆವರೆಗೂ ಇದೇ ಯೋಚನೆ. ಅಷ್ಟರಲ್ಲಿ ಅಜ್ಜಿ ನಿದ್ದೆ ಹೋದರು, ಪೆಟ್ಟಿಗೆಗೇ ತಲೆ ಒರಗಿಸಿ.

ಆಟೋದ್ದು ಬೇರೆ ಕಥೆ. 1999ರ ಅಕ್ಟೋಬರ್‌ನಲ್ಲಿ ಯೋ-ಯೋ ಮಾ ಅನ್ನುವ ಜಗತ್ಪ್ರಸಿದ್ಧ ಕಲಾವಿದರು ತಮ್ಮ ಚೆಲ್ಲೋವನ್ನು ನ್ಯೂಯಾರ್ಕ್‌ನ ಟ್ಯಾಕ್ಸಿ ಡಿಕ್ಕಿಯಲ್ಲಿ ಮರೆತು ಇಳಿದುಬಿಟ್ಟಿದ್ದರು. 1733ರಲ್ಲಿ ವೆನಿಸ್‌ನ ಮೊಂಟಾನ್ಯಾನಾ ಮಾಡಿದ ವಾದ್ಯ ಅದು, ಬೆಲೆ ಕೋಟಿಗಳಲ್ಲಿ. ಪುಣ್ಯಕ್ಕೆ ಅವತ್ತೇ ಪೊಲೀಸರು ಹುಡುಕಿಕೊಟ್ಟರು. ಈ ಕಥೆಯನ್ನು ಸುಮ್ನೆ ಅಮ್ಮನಿಗೆ ಹೇಳಿದೆ. ಈಗ ನಾನು ಆಟೋ ಇಳಿಯುವ ಹೊತ್ತಿಗೆ ಸರಿಯಾಗಿ ಫೋನು: ‘ಇಳಿಸ್ಕೊಂಡ್ಯಾ?’ ನಾನು ಇಳಿದೆನೋ ಇಲ್ಲವೋ ಅನ್ನುವ ವಿಚಾರಣೆ ಇಲ್ಲ.

ಮನೆಯಲ್ಲಿಟ್ಟರೂ ನೆಮ್ಮದಿಯಿಲ್ಲ. ಬಿಲ್ಲಿನ ಕೂದಲಿಗೆ ಉಜ್ಜಲು ರೋಸಿನ್ ಬೇಕು. ಪೈನ್ ಮರದ ಅಂಟಿನಿಂದ ಮಾಡಿದ್ದು, ಜೇನಿನ ಬಣ್ಣದ ಗಟ್ಟಿ ಬಿಲ್ಲೆ. ಅದನ್ನು ಉಜ್ಜದಿದ್ದರೆ ಬಿಲ್ಲು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ, ಸದ್ದೇ ಬರಲ್ಲ. ಒಂದು ಶುಕ್ರವಾರ ಅತ್ತೆಯವರ ಸಾಂಬ್ರಾಣಿ ಮುಗಿದಿತ್ತು. ಗ್ರಂಧಿಗೆ ಅಂಗಡಿಗೆ ಯಾರನ್ನು ಕಳಿಸೋದು ಅಂತ ಹುಡುಕುವಾಗ ನನ್ನ ಮೇಜಿನ ಮೇಲಿನ ಬಿಲ್ಲೆ ಕಣ್ಣಿಗೆ ಬಿದ್ದಿದೆ. ಕುಟ್ಟಿ ಪುಡಿ ಮಾಡಿ ಕೆಂಡಕ್ಕೆ ಹಾಕಿದ್ದಾರೆ. ನಾನು ಬಂದಾಗ ಮನೆ ತುಂಬಾ ಹೊಗೆ. ‘ಒಳ್ಳೇ ಕ್ವಾಲಿಟಿ ಕಣೇ, ಎಲ್ಲಿ ತಂದೆ?’ ಅಂದರು. ಜರ್ಮನಿಯದು ಅಂದೆ. ‘ಅದಕ್ಕೇ’ ಅಂತ ತಲೆಯಾಡಿಸಿದರು.

ಕೂರುವ ಭಂಗಿಯ ಬಗ್ಗೆಯೂ ಅತ್ತೆಗೆ ತಕರಾರಿದೆ. ಚೆಲ್ಲೋ ಮಂಡಿಗಳ ನಡುವೆ ನಿಲ್ಲಬೇಕು. ‘ಹೆಣ್ಣುಮಕ್ಕಳು ಹಿಂಗಾ ಕೂರೋದು?’ ಅವರೊಬ್ಬರದೇ ಆಕ್ಷೇಪವಲ್ಲ ಬಿಡಿ. 19ನೇ ಶತಮಾನದ ಯುರೋಪಿನಲ್ಲೂ ಇದೇ ಗೊಣಗಾಟ ಇತ್ತು. ಎಷ್ಟೋ ಹೆಂಗಸರು ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಹಾಕಿ, ಸೊಂಟ ತಿರುಚಿಕೊಂಡು ನುಡಿಸುತ್ತಿದ್ದರು. ಅತ್ತೆಗೆ ಇದು ಗೊತ್ತಾಗದಂತೆ ನೋಡಿಕೊಂಡಿದ್ದೇನೆ.

ಪಾಠದ ವಿಷಯಕ್ಕೆ ಬಂದರೆ, ಮಕ್ಕಳು ಒಳ್ಳೆಯವರು. ಕಾಟವೆಲ್ಲ ಅಪ್ಪಂದಿರದು. ಚೆಲ್ಲೋದಲ್ಲಿ ಕಾಲು, ಅರ್ಧ, ಮುಕ್ಕಾಲು ಸೈಜುಗಳಿವೆ, ಮಗುವಿನ ಕೈಯಳತೆಗೆ ತಕ್ಕಂತೆ. ಒಬ್ಬ ತಂದೆ ಎಂಟು ವರ್ಷದ ಮಗನಿಗೆ ಫುಲ್ ಸೈಜೇ ತಂದರು. ‘ಬೆಳೀತಾನಲ್ಲ ಮೇಡಂ, ಯೂನಿಫಾರಮ್ಮೂ ಹಂಗೇ ಹೊಲಿಸೋದು.’ ಹುಡುಗ ಚೆಲ್ಲೋ ಹಿಂದೆ ಕೂತ. ‘ಎಲ್ಲಿದೀಯೋ?’ ಅಂತ ಕರೆದೆ. ‘ಇಲ್ಲೇ ಮಿಸ್’ ಅಂತ ಒಳಗಿನಿಂದ ದನಿ ಬಂತು.

ಇನ್ನು ವಾದ್ಯದ ಬುಡದ ಕಬ್ಬಿಣದ ಮೊನೆಗೂ ನಮ್ಮ ಹೊಳೆಯುವ ಟೈಲ್ಸಿಗೂ ಹುಟ್ಟು ವೈರ. ಜೋರಾಗಿ ನುಡಿಸಿದಷ್ಟೂ ಚೆಲ್ಲೋ ಮುಂದಕ್ಕೆ ಜಾರುತ್ತದೆ. ಕುರ್ಚಿಯ ಕಾಲಿಗೆ ಪಟ್ಟಿ ಕಟ್ಟಿ, ಅದರಲ್ಲಿ ಮೊನೆ ಸಿಕ್ಕಿಸುವುದು ನನ್ನ ಉಪಾಯ.

ಸಂಗೀತ ನುಡಿಸುವುದು ಯಾವಾಗ ಅಂತೀರಾ? ಮದುವೆ ರಿಸೆಪ್ಷನ್‌ನಲ್ಲಿ. ಈಚೆಗೆ ಎಲ್ಲರಿಗೂ ಪಾಕೆಲ್‌ಬೆಲ್ ಅನ್ನುವ ಹಳೇ ಜರ್ಮನ್ ಸಂಗೀತಗಾರನ ‘ಕ್ಯಾನನ್’ ಅನ್ನುವ ಕೃತಿಯೇ ಬೇಕು. ಅದರಲ್ಲಿ ಪಿಟೀಲಿನವರಿಗೆ ಬಳುಕುವ ರಾಗವೆಲ್ಲ ಇದೆ. ಚೆಲ್ಲೋಗೆ ಇರುವುದು ಎಂಟೇ ಸ್ವರ. ಅದನ್ನೇ 28 ಸಲ ನುಡಿಸಬೇಕು. ಒಂದು ಮದುವೆಯಲ್ಲಿ ಹುಡುಗಿಯ ಮೇಕಪ್ ಮುಗಿಯಲಿಲ್ಲ. ‘ಇನ್ನೊಂದ್ಸಲ’ ಅಂತ ಕೈಸನ್ನೆ. ಆಮೇಲೆ ಮತ್ತೊಂದ್ಸಲ. ಎಂಟು ಸ್ವರ ಎಳೆಯುತ್ತಾ ಹಾಲ್‌ನಲ್ಲಿರುವ ಫ್ಯಾನುಗಳನ್ನೆಲ್ಲ ನೋಡಿ ಮುಗಿಸಿದೆ.

ಮುಂದಿನ ಸಾಲಿನಲ್ಲಿ ಹುಡುಗಿಯ ಸೋದರಮಾವ ಕೂತು ನನ್ನನ್ನೇ ಗಮನಿಸುತ್ತಿದ್ದರು. ಊಟದ ಹೊತ್ತಿಗೆ ಹತ್ತಿರ ಬಂದು ಮೆಲ್ಲಗೆ ಕೇಳಿದರು: ‘ನಿಮ್ದು ಅಷ್ಟೇನಾ ಮೇಡಂ? ಪೇಮೆಂಟು ಎಲ್ರಿಗೂ ಒಂದೇನಾ?’

ಒಂದೇ ಅಂದೆ. ಅವರು ಹೂಂ ಅಂದರು, ಆದರೆ ಒಪ್ಪಲಿಲ್ಲ. ಹೊರಡುವಾಗ ಕವರ್ ಹಂಚಿದ್ದು ಅವರೇ. ಪಿಟೀಲಿನವರದು ಸ್ವಲ್ಪ ದಪ್ಪ ಇತ್ತು ಅಂತ ನನಗೆ ಈಗಲೂ ಗುಮಾನಿ.