ನೆತ್ತಿಯ ಮೇಲಿನ ಎರಡಡಿ

ಖಾಲಿ ಜಾಗ ಕಂಡರೆ ನಮ್ಮ ಮನೆಯವರಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನನಗಿದು ಒಂದು ಗುಣ ಎಂದೇ ಅನ್ನಿಸಿತ್ತು. ಈ ಮನೆಗೆ ಬಂದ ಮೂರನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, ಕತ್ತೆತ್ತಿ, "ಲೇ, ಅಲ್ಲಿ ಎಷ್ಟು ಜಾಗ ಸುಮ್ಮನೆ ಬಿದ್ದಿದೆ ನೋಡೇ" ಅಂದರು. ಪಿತ್ರಾರ್ಜಿತ ಆಸ್ತಿಯ ಪತ್ರ ಈಗಷ್ಟೇ ಕೈಗೆ ಸಿಕ್ಕವರ ದನಿ.

ಗೋಡೆಗೆ ತೂಗುಹಾಕಿದ ಕ್ಯಾಬಿನೆಟ್‌ಗಳ ಮೇಲಿನ ಜಾಗ ಅದು. ತಕ್ಷಣ ಟೇಪು ಹಿಡಿದು ಸ್ಟೂಲ್ ಹತ್ತಿ ಲೆಕ್ಕ ಒಪ್ಪಿಸಿದರು. ನೆಲದಿಂದ ಅಡುಗೆ ಕಟ್ಟೆಗೆ 36 ಇಂಚು. ಕಟ್ಟೆಯ ಮೇಲೆ 18 ಇಂಚು ಬಿಟ್ಟು 30 ಇಂಚಿನ ಕ್ಯಾಬಿನೆಟ್. ಒಟ್ಟು 84, ಅಂದರೆ ಏಳಡಿ. ಸೂರು ಒಂಬತ್ತಡಿ. "ಎರಡಡಿ! ಪೂರ್ತಿ ಗೋಡೆಯುದ್ದಕ್ಕೂ! ಇದನ್ನ ಯಾಕೆ ಹೀಗೆ ಬಿಟ್ಟರು?"

ಮನುಷ್ಯರ ಕೈ ಅಲ್ಲಿಗೆ ಸಲೀಸಾಗಿ ಎಟುಕುವುದಿಲ್ಲ, ಅದಕ್ಕೇ ಬಿಟ್ಟರು. ಈ ಸರಳ ಉತ್ತರವನ್ನು ಅವತ್ತೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಏಕೆಂದರೆ ನನಗೂ ಒಳಗೊಳಗೇ ಒಂದು ಆಸೆ ಮೊಳೆತಿತ್ತು. ಒಳಾಂಗಣದ ಚಿತ್ರಗಳಲ್ಲಿ ನೋಡಿದ್ದೆ: ಕ್ಯಾಬಿನೆಟ್‌ಗಳ ಮೇಲೆ ಬೆತ್ತದ ಬುಟ್ಟಿಗಳು, ನಡುವೆ ಒಂದು ಹೂಜಿ, ಅದರ ಪಕ್ಕ ಇಳಿಬಿದ್ದ ಬಳ್ಳಿ. ಆ ಚಿತ್ರಗಳಲ್ಲಿ ಯಾರೂ ಒಗ್ಗರಣೆ ಹಾಕುತ್ತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಒಂದೆರಡು ವಾರ ಬಿಟ್ಟು ಹುಡುಕಿದರೆ ಟೇಪು ಕಾಣೆಯಾಗಿತ್ತು. ನಾವು ಈ ಮನೆಗೆ ಬಂದ ಹೊಸದರಲ್ಲಿ ಮೇಲಿನ ಮನೆಯವರು ಕರ್ಟನ್ ಅಳತೆಗೆಂದು ಅದನ್ನು ಒಯ್ದು ವಾಪಸ್ ತಂದುಕೊಟ್ಟಿದ್ದರು. ಅಥವಾ ಕೊಟ್ಟಿರಲಿಲ್ಲವೇ? ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಏನೂ ಕೇಳಲಿಲ್ಲ, ಮೆಟ್ಟಿಲಲ್ಲಿ ಸಿಕ್ಕಾಗ "ನಮ್ಮ ಟೇಪು ಎಲ್ಲೂ ಕಾಣ್ತಾ ಇಲ್ಲ ನೋಡಿ" ಎಂದೆ ಅಷ್ಟೆ. ಪಾಪ, ವಾರದೊಳಗೆ ಹೊಸ ಟೇಪು ತಂದು ಕೊಟ್ಟರು. ನಾವು ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡೆವು.

ಇರಲಿ, ಬುಟ್ಟಿಗೆ ಬರೋಣ. ಬುಟ್ಟಿಗಳನ್ನು ಮೇಲಿಟ್ಟು ಕೆಳಗೆ ಬಂದು ನೋಡಿದರೆ ಹಿಡಿ ಮಾತ್ರ ಕಾಣುತ್ತಿತ್ತು. ಕ್ಯಾಬಿನೆಟ್‌ಗಳ ಮುಂದಿನ ಅಂಚಿಗೆ ಚೆಂದಕ್ಕೆಂದು ಮೂರಿಂಚಿನ ಪಟ್ಟಿ ಹೊಡೆದಿರುತ್ತಾರಲ್ಲ, ಅದು ಹಿಂದಿದ್ದುದನ್ನೆಲ್ಲ ಮುಚ್ಚುತ್ತದೆ. ಕೆಳಗಿನಿಂದ ಕತ್ತೆತ್ತಿ ನೋಡುವ ಕಣ್ಣಿಗೆ ಮೂರಿಂಚಲ್ಲ, ಅದಕ್ಕಿಂತ ಹೆಚ್ಚೇ ಮುಚ್ಚುತ್ತದೆ. "ಕೆಳಗೆ ಏನಾದರೂ ಕೊಟ್ಟು ಎತ್ತರಿಸೋಣ" ಎಂದು ಇವರು ಮಿಕ್ಸಿಯ ಖಾಲಿ ಡಬ್ಬ ತಂದರು.

ರಟ್ಟಿನ ಡಬ್ಬಗಳು ನಮ್ಮ ಸೂರಿಗೆ ಕಾಲಿಟ್ಟದ್ದು ಹೀಗೆ, ಬುಟ್ಟಿಯ ಸೇವಕರಾಗಿ. ಆರು ತಿಂಗಳಲ್ಲಿ ಬುಟ್ಟಿಗಳನ್ನು ಮೂಲೆಗೆ ತಳ್ಳಿ ತಾವೇ ಯಜಮಾನರಾದವು. ಮಿಕ್ಸಿಯ ಹಿಂದೆ ಇಸ್ತ್ರಿಪೆಟ್ಟಿಗೆಯ ಡಬ್ಬ, ಅದರ ಹಿಂದೆ ಟೇಬಲ್ ಫ್ಯಾನಿನದು. "ವಾರಂಟಿ ಇದೆ, ಬೇಕಾಗತ್ತೆ" ಎಂಬುದು ಇವರ ಮಂತ್ರ. ಅತ್ತೆಯವರು ತಮ್ಮ ಪಾಲಿನದೆಂದು ಎರಡು ದೊಡ್ಡ ಪಾತ್ರೆಗಳನ್ನೂ, ಆ ಎರಡಕ್ಕೂ ಹೊಂದದ ಒಂದು ಮುಚ್ಚಳವನ್ನೂ ಕಳಿಸಿಕೊಟ್ಟರು. ಮಗಳು ತನ್ನ ವಿಜ್ಞಾನ ಮೇಳದ ಜ್ವಾಲಾಮುಖಿಯನ್ನು ಅಲ್ಲೇ ಇಡಬೇಕೆಂದು ಅತ್ತಳು. ಇಟ್ಟೆವು.

ನನ್ನ ಪಾಲಿಗೆ ಉಳಿದದ್ದು ಬಳ್ಳಿ. ಮನಿಪ್ಲಾಂಟ್ ಎಲ್ಲಿಟ್ಟರೂ ಬದುಕುತ್ತದೆ ಎನ್ನುತ್ತಾರೆ. ಹಾಗೆನ್ನುವವರು ಅದನ್ನು ಒಲೆಯ ಬಿಸಿಯೆಲ್ಲ ಹೋಗಿ ಸೇರುವ, ಕಿಟಕಿಯ ಬೆಳಕು ತಲುಪದ ಜಾಗದಲ್ಲಿ ಇಟ್ಟು ನೋಡಿಲ್ಲ. ಕುಂಡ ನನಗೆ ಕಾಣುತ್ತಿರಲಿಲ್ಲ, ಕೈ ಮೇಲೆತ್ತಿ ಅಂದಾಜಿನಲ್ಲಿ ಲೋಟದಿಂದ ನೀರು ಸುರಿಯುತ್ತಿದ್ದೆ. ಅರ್ಧ ಗಿಡಕ್ಕೆ, ಅರ್ಧ ಕ್ಯಾಬಿನೆಟ್‌ಗೆ. ಈ ಕ್ಯಾಬಿನೆಟ್‌ಗಳ ಮೈಗೆಲ್ಲ ಹೊಳೆಯುವ ಲ್ಯಾಮಿನೇಟ್ ಇದ್ದರೂ ನೆತ್ತಿ ಮಾತ್ರ ಬೋಳು, ಯಾರು ನೋಡುತ್ತಾರೆ ಅಂತ. ಮರದ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಊದಿಕೊಂಡರೆ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಗಿಡ ಹೋಯಿತು. ಸಕ್ಕರೆ ಡಬ್ಬ ಇರುವ ಆ ಕ್ಯಾಬಿನೆಟ್‌ನ ಬಾಗಿಲು ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ. ಏನೋ ಹೇಳಲು ಹೊರಟು ಮರೆತವರ ಬಾಯಿಯ ಹಾಗೆ ಅರ್ಧ ತೆರೆದೇ ಇರುತ್ತದೆ.

ಮೂರು ವರ್ಷ ಹೀಗೇ ಕಳೆಯಿತು. ಮೊನ್ನೆ ಮಿಕ್ಸಿ ಕೆಟ್ಟಿತು. ಇವರ ಮುಖದಲ್ಲಿ ಬೇಸರವಿಲ್ಲ, ವಿಜಯೋತ್ಸಾಹ. "ನೋಡಿದ್ಯಾ? ಬಿಲ್ಲು, ವಾರಂಟಿ ಕಾರ್ಡು ಎಲ್ಲ ಡಬ್ಬದಲ್ಲೇ ಇದೆ!" ಎನ್ನುತ್ತಾ ಸ್ಟೂಲ್ ಹತ್ತಿ ಡಬ್ಬ ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಡಬ್ಬ ಬಂತು, ತಳ ಅಲ್ಲೇ ಉಳಿಯಿತು. ಒಳಗಿದ್ದ ಥರ್ಮೋಕೋಲ್ ಮುರಿದು ಬಿಳಿ ಗುಂಡುಗಳು ಸಿಂಕು, ಒಲೆ, ಇವರ ತಲೆ ಎಲ್ಲೆಡೆ ಉದುರಿದವು. ವಾರಂಟಿ ಎರಡು ವರ್ಷದ್ದು.

ನಾನು ಹತ್ತಿ ನೋಡಿದೆ. ಅಯ್ಯೋ! ಅಲ್ಲಿದ್ದದ್ದು ಧೂಳಲ್ಲ, ಒಂದು ಪದರ. ಬೆರಳಿಟ್ಟರೆ ಬೆರಳಚ್ಚು ಮೂಡುತ್ತಿತ್ತು, ಬೆರಳು ತೆಗೆದರೆ 'ಪಚ್' ಎಂದು ಸಣ್ಣ ಸದ್ದು. ಬಾಣಲೆಯಿಂದ ಹಾರುವ ಎಣ್ಣೆಯ ಸಣ್ಣ ಹನಿಗಳು ಬಿಸಿ ಗಾಳಿಯ ಜೊತೆ ಮೇಲೇರಿ, ತಣ್ಣಗಿನ ಜಾಗ ಸಿಕ್ಕಲ್ಲಿ ಕೂರುತ್ತವೆ. ಚಿಮಣಿ ಎಷ್ಟೇ ಗರ್ಜಿಸಿದರೂ ಎಲ್ಲವನ್ನೂ ಹಿಡಿಯಲಾರದು. ಕೂತ ಎಣ್ಣೆ ಗಾಳಿಯ ಆಮ್ಲಜನಕ ಸೇರಿ, ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ಒಣಗುವ ಹಾಗೆ, ನಿಧಾನಕ್ಕೆ ಗಟ್ಟಿ ಅಂಟಾಗುತ್ತದೆ. ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಎಣ್ಣೆ. ಹೀಗೆ ಮೂರು ವರ್ಷದ ನನ್ನ ಅಡುಗೆಯೆಲ್ಲ ಅಲ್ಲಿ ದಾಖಲಾಗಿತ್ತು.

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಜಿಡ್ಡು ಹೋಗಲಿಲ್ಲ, ಪಕ್ಕಕ್ಕೆ ಸರಿದು ಕೂತಿತು. ಅತ್ತೆಗೆ ಫೋನ್ ಮಾಡಿದರೆ, "ಎಣ್ಣೆ ಹಚ್ಚಮ್ಮ" ಎಂದರು. ಎಣ್ಣೆಯ ಜಿಡ್ಡಿಗೆ ಎಣ್ಣೆ! ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಕಾಗದಕ್ಕೆ ಅಡುಗೆ ಎಣ್ಣೆ ಹಚ್ಚಿ ಉಜ್ಜಿದರೆ ನಿಜಕ್ಕೂ ಹಳೆಯ ಅಂಟು ಹೊಸ ಎಣ್ಣೆಯಲ್ಲಿ ಮೆತ್ತಗಾಗಿ ಸುಲಿದು ಬಂತು. ಆಮೇಲೆ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ (ಊದಿಕೊಂಡ ಬೋರ್ಡು ಪಾಠ ಕಲಿಸಿತ್ತು) ಒರೆಸಿದೆ. ಇನ್ನು ಮುಂದೆ ಹಾಸಲು ಹಳೆಯ ಪೇಪರ್, ಜಿಡ್ಡಾದಾಗ ಸುತ್ತಿ ಎಸೆದು ಹೊಸದು ಹಾಸಿದರಾಯಿತು. ಪೇಪರ್ ಹಾಸುತ್ತಾ ಸ್ಟೂಲ್ ಮೇಲೆಯೇ ನಿಂತು ಅರ್ಧ ಪುಟ ಓದಿ ಮುಗಿಸಿದೆ. ಆ ಹೊತ್ತಿಗೆ ಕೆಳಗೆ ಹಾಲು ಉಕ್ಕಿ ಹರಿದಿತ್ತು.

ಕೊನೆಯ ಮೂಲೆಗೆ ಬಂದೆ. ಜ್ವಾಲಾಮುಖಿಯ ಹಿಂದೆ, ಗೋಡೆಗೆ ಆತು, ಕಂದು ಬಣ್ಣದ ಉಂಡೆಯಂಥದ್ದೊಂದು ಅಂಟಿಕೊಂಡಿತ್ತು. ಚಾಕುವಿನಲ್ಲಿ ಎಬ್ಬಿಸಿದೆ. ಒರೆಸಿದ ಜಾಗದಲ್ಲಿ ಹಳದಿ ಬಣ್ಣ ಇಣುಕಿತು. ಇನ್ನಷ್ಟು ಒರೆಸಿದೆ. ಟೇಪು. ನಮ್ಮದೇ. ಅಳತೆ ಮಾಡಿದವರು ಇಳಿಯುವಾಗ ಅಲ್ಲೇ ಇಟ್ಟು ಮರೆತಿದ್ದರು.

"ರೀ" ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಕರೆಗಂಟೆ ಬಾರಿಸಿತು. "ಲೇ, ಮೇಲಿನ ಮನೆಯವರು ಬಂದಿದಾರೆ ನೋಡೇ" ಎಂದರು ಇವರು, ಕೂದಲಿನಿಂದ ಥರ್ಮೋಕೋಲ್ ಕೊಡವಿಕೊಳ್ಳುತ್ತಾ.

ಟೇಪನ್ನು ಇದ್ದಲ್ಲೇ ಇಟ್ಟು, ಮೇಲೊಂದು ಪೇಪರ್ ಎಳೆದು, ಇಳಿದೆ.

"ಏನೂ ಅಂದ್ಕೋಬೇಡಿ, ನಿಮ್ಮ ಸ್ಟೂಲ್ ಒಂಚೂರು ಕೊಡ್ತೀರಾ?" ಎಂದರು ಆಕೆ, ಬಾಗಿಲ ಹೊರಗೇ ನಿಂತು. "ಒಂದೇ ಗಂಟೆ. ನಾನೇ ತಂದು ನಿಮ್ಮ ಕೈಗೇ ಕೊಡ್ತೀನಿ."

"ಅಯ್ಯೋ, ನಿಧಾನಕ್ಕೆ ಕೊಡಿ, ಅದಕ್ಕೇನಂತೆ" ಎಂದು ಸ್ಟೂಲ್ ಕೊಟ್ಟು ಕಳಿಸಿದೆ.